ಎಳೆಯರ ಚಿತ್ತವೂ ಶಾಲೆಯ ಹೊರೆಯೂ

(ಶ್ರೀಮಠದ ಮಹೋತ್ಸವದ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಠದ ಅಂಗಳದಲ್ಲಿ ಭಕ್ತರು ತಂದು ಒಪ್ಪಿಸುವ ಬಿನ್ನಹಗಳಲ್ಲಿ ಹಿಂದೆ ಮಳೆಬೆಳೆಯ ಮಾತು, ಮದುವೆಯ ಮಾತು, ವ್ಯಾಜ್ಯದ ಮಾತುಗಳೇ ಹೆಚ್ಚಾಗಿರುತ್ತಿದ್ದುವು. ಈಚಿನ ವರ್ಷಗಳಲ್ಲಿ ಮತ್ತೊಂದು ಬಿನ್ನಹವು ಅವುಗಳ ಸಾಲಿಗೆ ಸೇರಿರುವುದು. ಆರೇಳು ವರ್ಷದ ಕೂಸನ್ನು ಕೈಹಿಡಿದು ಕರೆತಂದ ತಂದೆತಾಯಿಗಳು, “ಅಜ್ಜಾರ, ಇವಗ ಓದಿನ ಮ್ಯಾಲ ಲಕ್ಷ್ಯ ಇಲ್ರಿ. ಏನರ ಒಂದು ತಾಯತ ಕಟ್ಟಿ ಕೊಡ್ರಿ” ಎಂದು ಬೇಡಿಕೊಳ್ಳುವರು. ಕೂಸು ಆ ಹೊತ್ತಿನಲ್ಲಿ ಗದ್ದುಗೆಯ ಮೆಟ್ಟಿಲಿನ ಸಂದಿಯೊಳಗೆ ಹರಿಯುವ ಇರುವೆಗಳ ಸಾಲನ್ನು ಬಾಗಿ ನೋಡುತ್ತ ನಿಂತಿರುವುದು. ಅದಕ್ಕೆ ಲಕ್ಷ್ಯವಿಲ್ಲವೆಂಬ ಮಾತು ನಿಜವಲ್ಲ. ಅದರ ಲಕ್ಷ್ಯವು ಇರುವೆಗಳ ಮೇಲೆ ಪೂರ್ಣವಾಗಿಯೇ ಇರುವುದು. ತಂದೆಯು ಇಚ್ಛಿಸಿದ ಕಡೆಯಲ್ಲಿ ಇಲ್ಲ, ಅಷ್ಟೇ.

ಹೀಗೆಂದು ತಂದೆತಾಯಿಗಳ ಬಿನ್ನಹವನ್ನು ನಕ್ಕು ತಳ್ಳಿಬಿಡುವಂತಿಲ್ಲ. ಬೆಳೆಯ ಹಣವನ್ನೂ ಮೈಮೇಲಿನ ಬಂಗಾರವನ್ನೂ ಶಾಲೆಯ ಶುಲ್ಕಕ್ಕೆ ಸುರಿದವರು ಅವರು. ಮಗನು ತಮ್ಮಂತೆ ಬಿಸಿಲಿನಲ್ಲಿ ಬೇಯಬಾರದೆಂಬ ಆಸೆಯು ಅವರದು. ಆದರೆ ಅವರ ಆಸೆಯು ಮೇಲೇರುತ್ತಿರುವಾಗಲೇ ಅತ್ತ ಕೂಸಿನ ಒಳಗೆ ಮತ್ತೊಂದು ಸಂಗತಿಯು ನಡೆಯುತ್ತಿರುವುದು. ಶಾಲೆಯಲ್ಲಿ ಬೈಗುಳು, ಮನೆಯಲ್ಲಿ ಬೈಗುಳು, ಈಗ ಮಠದ ಅಂಗಳದಲ್ಲಿ ನಾಲ್ಕು ಜನರ ಮುಂದೆ ಅದೇ ದೂರು. ಇದನ್ನೆಲ್ಲ ಕೇಳಿದ ಕೂಸು ತಾನು ದಡ್ಡನೆಂದು ನಂಬತೊಡಗುವುದು. ಈ ನಂಬಿಕೆಯೊಂದು ಎಳೆಯ ಮನಸ್ಸಿನಲ್ಲಿ ಬೇರೂರಿತೆಂದರೆ, ಮುಂದೆ ಎಂಥ ಗುರುವು ದೊರೆತರೂ ಅದನ್ನು ಕೀಳುವುದು ಕಷ್ಟಸಾಧ್ಯವು. ಆದುದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಅವಶ್ಯವಾಗಿರುವುದು.

ಲಕ್ಷ್ಯವೆಂದರೇನು? ಬಹುಜನರು ಅದನ್ನು ಗೂಟಕ್ಕೆ ಕಟ್ಟಿದ ಎತ್ತಿನಂತೆ ಭಾವಿಸಿರುವರು. ಒಮ್ಮೆ ಕಟ್ಟಿದರೆ ನಿಲ್ಲತಕ್ಕದ್ದು. ನಿಲ್ಲದಿದ್ದರೆ ಬಾರುಕೋಲಿನಿಂದ ನಿಲ್ಲಿಸತಕ್ಕದ್ದು. ಚಿತ್ತದ ಸ್ವಭಾವವು ಹಾಗಿಲ್ಲ. ಇದಕ್ಕೆ ಪ್ರಮಾಣವನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾದುದಿಲ್ಲ. ಇಲ್ಲಿ ಕುಳಿತಿರುವ ಹಿರಿಯರು ಪ್ರತಿದಿನವೂ ಇಷ್ಟಲಿಂಗವನ್ನು ಎಡಗೈಯ ಕರಸ್ಥಲದಲ್ಲಿಟ್ಟು, ದೃಷ್ಟಿಯನ್ನು ಅದರಲ್ಲಿಯೇ ನೆಟ್ಟು ಅನುಸಂಧಾನಕ್ಕೆ ಕುಳ್ಳಿರುವರಷ್ಟೆ. ಮೂವತ್ತು ನಲವತ್ತು ವರ್ಷಗಳ ಅಭ್ಯಾಸವುಳ್ಳವರೂ ಇಲ್ಲಿ ಉಂಟು. ಎದೆಯ ಮೇಲೆ ಕೈಯಿಟ್ಟು ಹೇಳಿರಿ: ದೃಷ್ಟಿಯು ಲಿಂಗದಲ್ಲಿ ನಿಂತಿರುವಾಗಲೇ ಮನಸ್ಸು ಎಷ್ಟು ಸಲ ಅಡತಿಯ ಅಂಗಡಿಗೆ ಹೋಗಿ ಬರುವುದು? ಎಷ್ಟು ಸಲ ಕೋರ್ಟಿನ ಕಟ್ಟೆಯನ್ನು ಹತ್ತಿ ಇಳಿಯುವುದು? ಹಾಗೆ ಹೋದ ಮನಸ್ಸನ್ನು ಸಾಧಕನು ಏನು ಮಾಡುವನು? ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವನೇ? ಇಲ್ಲ. ಹೋದುದನ್ನು ಅರಿತು, ಸಿಟ್ಟಿಲ್ಲದೆ, ಮೆಲ್ಲನೆ ಮರಳಿ ತರುವನು. ಈ ಮರಳಿ ತರುವಿಕೆಯೇ ಅಭ್ಯಾಸವು. ಅಮೆರಿಕೆಯ ವಿಲಿಯಂ ಜೇಮ್ಸ್ ಎಂಬ ಮನಶ್ಶಾಸ್ತ್ರಜ್ಞನು ೧೮೯೦ರಲ್ಲಿ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲಿ ಬೇರೆ ದಾರಿಯಿಂದ ಬಂದು ಇದೇ ಎಡೆಯನ್ನು ಮುಟ್ಟಿರುವನು. ಪ್ರಯತ್ನಪೂರ್ವಕವಾದ ಲಕ್ಷ್ಯವು ಯಾರಲ್ಲಿಯೂ ಕೆಲವು ಕ್ಷಣಗಳಿಗಿಂತ ಹೆಚ್ಚು ಕಾಲ ಒಂದೇ ಬಿಗಿಯಲ್ಲಿ ನಿಲ್ಲುವುದಿಲ್ಲವೆಂದೂ, ದೀರ್ಘವೆಂದು ತೋರುವ ಲಕ್ಷ್ಯವು ಮತ್ತೆ ಮತ್ತೆ ಮಾಡಿದ ಪ್ರಯತ್ನಗಳ ಸರಣಿಯೇ ಹೊರತು ಬೇರಲ್ಲವೆಂದೂ ಅವನ ಮತವು.

ಹೀಗಿರಲು, ಐವತ್ತು ವರ್ಷದ ಸಾಧಕನಿಗೂ ಕೈಗೂಡದ ಸ್ಥಿರತೆಯನ್ನು ಆರು ವರ್ಷದ ಕೂಸಿನಿಂದ ಅಪೇಕ್ಷಿಸುವುದು ನ್ಯಾಯವೇ? ಮನಸ್ಸಿನ ಹರಿದಾಟವನ್ನು ತಡೆಯುವ, ಒಂದು ಕೆಲಸದಲ್ಲಿ ನೆಲೆಗೊಳಿಸುವ ಶಕ್ತಿಯು ಮಿದುಳಿನ ಮುಂಭಾಗವನ್ನು ಬಹುವಾಗಿ ಅವಲಂಬಿಸಿರುವುದೆಂದೂ, ಆ ಭಾಗವು ಪೂರ್ಣವಾಗಿ ಬಲಿಯುವುದಕ್ಕೆ ಇಪ್ಪತ್ತೈದರ ಸುಮಾರಿನ ವಯಸ್ಸು ಬೇಕಾಗುವುದೆಂದೂ ಈಗಿನ ವೈದ್ಯಶಾಸ್ತ್ರವು ತಿಳಿಸುವುದು. ಎಳೆಗರುವನ್ನು ಯಾರೂ ನೊಗಕ್ಕೆ ಹೂಡುವುದಿಲ್ಲ. ಕೂಸಿನ ಮನಸ್ಸು ಹೋಗುವುದು ಅದರ ದೋಷವಲ್ಲ. ಮರಳುವ ದಾರಿಯನ್ನು ಹಿರಿಯರು ಸುಗಮ ಮಾಡಿರುವರೋ, ಮುಳ್ಳು ಹರಡಿರುವರೋ ಎಂಬುದೇ ವಿಚಾರಣೀಯವು.

ಹಿಂದಿನ ಕಾಲದ ಮಕ್ಕಳು ಅಲ್ಲಾಡದೆ ಕುಳಿತು ಕಲಿಯುತ್ತಿದ್ದರು, ಈಗಿನವರಿಗೆ ಆ ಶಿಸ್ತಿಲ್ಲ ಎಂದು ಹಿರಿಯರು ಆಗಾಗ ಹೇಳುವುದುಂಟು. ಹಿಂದಿನ ಕಾಲವನ್ನು ಊಹಿಸಿಕೊಳ್ಳಬೇಕಾಗಿಲ್ಲ, ಬರೆದಿಟ್ಟ ದಾಖಲೆಯುಂಟು. ೧೮೨೩ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬವನು ತನ್ನ ಜಿಲ್ಲೆಯ ಪಾಠಶಾಲೆಗಳ ವಿಷಯವಾಗಿ ಮದರಾಸಿಗೆ ಒಂದು ವರದಿಯನ್ನು ಬರೆದು ಕಳುಹಿಸಿದನು. ಒಂಬತ್ತು ಲಕ್ಷಕ್ಕೆ ಮಿಕ್ಕ ಜನರಿದ್ದ ಆ ಜಿಲ್ಲೆಯಲ್ಲಿ ಶಾಲೆಗಳು ೫೩೩, ಕಲಿಯುತ್ತಿದ್ದವರು ೬,೬೪೧. ಎಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಂದಿ. ಐದು ವರ್ಷ ತುಂಬಿದ ಹುಡುಗನನ್ನು ಶಾಲೆಗೆ ಹಾಕುವರು. ಅವನು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವನು. ಮುಂದೆ ಹೋದ ಹುಡುಗರು ಹಿಂದಿನವರಿಗೆ ಪಾಠ ಹೇಳಿಕೊಡುವರು. ಹೇಳಿಕೊಡುವುದರಿಂದ ಅವರ ಪಾಠವೂ ಗಟ್ಟಿಯಾಗುವುದು. ಈ ಪದ್ಧತಿಯನ್ನು ಕ್ಯಾಂಬೆಲ್ಲನು ಮನಸಾರ ಮೆಚ್ಚಿ ಬರೆದಿರುವನು.

ಆದರೆ ವರದಿಯು ಅಲ್ಲಿಗೇ ನಿಲ್ಲುವುದಿಲ್ಲ. ಬೆಳಗಿನಲ್ಲಿ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಅವನಿಗೆ ಸ್ತುತಿಯೂ ಇಲ್ಲ, ನಿಂದೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಕೊನೆಯವನ ಅಂಗೈಯ ಪಾಡನ್ನು ಶರಣರೇ ಊಹಿಸಿಕೊಳ್ಳಿರಿ. ಅವನ ಮನೆಯು ಊರ ಹೊರಗಿದ್ದಿರಬಹುದು, ಇಲ್ಲವೆ ಅವನು ಆಕಳನ್ನು ಬಿಟ್ಟು ಬರಬೇಕಾಗಿದ್ದಿರಬಹುದು. ಸೋಮಾರಿ ಹುಡುಗನನ್ನು ಎರಡು ಕೈಗಳನ್ನೂ ಕಟ್ಟಿ ತೊಲೆಗೆ ತೂಗುಹಾಕುತ್ತಿದ್ದರು; ಬಿಡದೆ ಬಸ್ಕಿ ಹೊಡೆಯಿಸುತ್ತಿದ್ದರು. ಕೂಲಿಮಠದ ಕೋದಂಡವೆಂದು ಹಳಬರ ಬಾಯಲ್ಲಿ ನಿಂತಿರುವುದು ಇದೇ. ಇಷ್ಟೆಲ್ಲ ಮಾಡಿಯೂ, ಹುಡುಗರು ಬಾಯಿಪಾಠ ಮಾಡಿದ ಪದ್ಯಗಳ ಅರ್ಥವನ್ನು ಅರಿಯದೆ ಗಿಳಿಗಳಂತೆ ಒಪ್ಪಿಸುವರೆಂದು ಅದೇ ಕ್ಯಾಂಬೆಲ್ಲನು ವ್ಯಸನಪಟ್ಟಿರುವನು. ಇದರಲ್ಲಿ ಆಶ್ಚರ್ಯವೇನು? ಏಟಿಗೆ ಅಂಜಿ ಕುಳಿತ ಹುಡುಗನ ಕಣ್ಣು ಮರಳಿನ ಮೇಲಿದ್ದರೆ ಚಿತ್ತವು ಬೆತ್ತದ ಮೇಲಿರುವುದು. ಭಯವೂ ಒಂದು ಏಕಾಗ್ರತೆಯೇ. ಆದರೆ ಅದರ ವಿಷಯವು ಪಾಠವಲ್ಲ.

ಆ ಕಾಲದಿಂದ ತೆಗೆದುಕೊಳ್ಳತಕ್ಕ ಒಳ್ಳೆಯ ಅಂಶಗಳೂ ಇಲ್ಲದಿಲ್ಲ. ಹನ್ನೆರಡು ಮಂದಿಗೆ ಒಬ್ಬ ಗುರುವೆಂಬುದು ಅವುಗಳಲ್ಲೊಂದು. ಇಂದಿನ ಕಾನೂನು ಕಿರಿಯ ತರಗತಿಗಳಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರನ್ನು ವಿಧಿಸಿರುವುದು. ಹಣ ಸುರಿದು ಹಾಕಿದ ಅನೇಕ ಶಾಲೆಗಳ ಕೋಣೆಗಳಲ್ಲಿ ಎಣಿಸಿದರೆ ಲೆಕ್ಕವು ಐವತ್ತಕ್ಕೆ ಹೋಗುವುದು. ಸಂಸ್ಕೃತ ಪಾಠಶಾಲೆಗಳ ಪದ್ಧತಿಯಲ್ಲಿಯೂ ಎರಡು ಸಂಗತಿಗಳು ಸ್ಮರಣೀಯವಾಗಿವೆ. ಒಂದು, ಸಂಥೆ. ಗುರುವು ಹೇಳಿದ ಸ್ವಲ್ಪ ಭಾಗವನ್ನೇ ಶಿಷ್ಯರು ಮರಳಿ ಮರಳಿ ಹೇಳಿ, ಮರುದಿನ ಒಪ್ಪಿಸಿ, ಆಮೇಲೆಯೇ ಮುಂದಿನದಕ್ಕೆ ಹೋಗತಕ್ಕದ್ದು. ಅಮರಕೋಶವನ್ನು ಒಂದೇ ರಾತ್ರಿಯಲ್ಲಿ ನುಂಗಿಸಿದ ಗುರುವಿಲ್ಲ. ದಿನಕ್ಕೆ ಕೆಲವೇ ಶ್ಲೋಕಗಳು. ಎರಡು, ಅನಧ್ಯಾಯ. ಪ್ರತಿಪದೆ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಹೊಸ ಪಾಠವಿಲ್ಲ. ಇದಕ್ಕೆ ಶಾಸ್ತ್ರವು ಹೇಳುವ ಕಾರಣವು ಏನೇ ಇರಲಿ, ಪಕ್ಷಪಕ್ಷಕ್ಕೂ ಬಿಡುವು ಬಂದು ಕಲಿತದ್ದು ಒಳಗಿಳಿಯಲು ಅವಕಾಶವಾಗುತ್ತಿದ್ದುದಂತೂ ನಿಜವು. ಭಾನುವಾರದ ದಿನವೂ ಕೂಸನ್ನು ಗಣಿತದ ತರಗತಿಗೂ ಅಕ್ಷರ ತಿದ್ದಿಸುವ ತರಗತಿಗೂ ಓಡಿಸುವವರು ಅನಧ್ಯಾಯದ ಮಾತನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು.

ಇಂದಿನ ಕೂಸಿನ ಒಂದು ದಿನವನ್ನು ನೋಡಿರಿ. ಬೆಳಗಿನಲ್ಲಿ ಕಣ್ಣು ತೆರೆಯುವ ಮೊದಲೇ ಎಬ್ಬಿಸಿ, ಅರ್ಧ ಇಡ್ಲಿಯನ್ನು ಬಾಯಿಗೆ ತುರುಕಿ, ಶಾಲೆಯ ಬಸ್ಸಿಗೆ ಏರಿಸುವರು. ಮನೆಯಲ್ಲಿ ಕನ್ನಡವಾಡುವ ಕೂಸು ಅಲ್ಲಿ ಇಂಗ್ಲಿಷಿನಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸಬೇಕು. ಆದುದರಿಂದ ಅದು ಪಾಠವನ್ನೂ ಭಾಷೆಯನ್ನೂ ಏಕಕಾಲದಲ್ಲಿ ಹೊರಬೇಕಾಗಿರುವುದು. ಅರ್ಥವಾಗದ ಮಾತಿನ ಮೇಲೆ ಲಕ್ಷ್ಯವು ನಿಲ್ಲುವುದಾದರೂ ಹೇಗೆ? ಹಿರಿಯರನ್ನೇ ಅರಿಯದ ಭಾಷೆಯ ಪ್ರವಚನಕ್ಕೆ ನಾಲ್ಕು ಗಂಟೆಗಳ ಕಾಲ ಕುಳ್ಳಿರಿಸಿದರೆ ಎಷ್ಟು ಮಂದಿ ತೂಕಡಿಸುವರೆಂಬುದು ಬಲ್ಲವರಿಗೆ ತಿಳಿದಿರುವುದು. ಸಂಜೆ ಮನೆಗೆ ಬಂದರೆ ಟ್ಯೂಷನ್. ಟ್ಯೂಷನ್ ಮುಗಿಸಿ ಬಂದರೆ ಮನೆಪಾಠ. ಮನೆಪಾಠವು ಮುಗಿಯುವಷ್ಟರಲ್ಲಿ ನಿದ್ದೆಯ ಹೊತ್ತು ಮೀರಿರುವುದು. ಆಟವೆಂಬುದು ಈ ದಿನಚರಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಈ ಹೊರೆಯನ್ನು ಕುರಿತು ಮೊದಲು ಗಟ್ಟಿಯಾಗಿ ಮಾತನಾಡಿದವರಲ್ಲಿ ಮೈಸೂರಿನಲ್ಲಿ ಬಾಳಿದ ಕಾದಂಬರಿಕಾರರಾದ ಆರ್. ಕೆ. ನಾರಾಯಣರು ಒಬ್ಬರು. ರಾಜ್ಯಸಭೆಗೆ ನಾಮಕರಣಗೊಂಡಿದ್ದ ಅವರು ೧೯೮೯ರಲ್ಲಿ ತಮ್ಮ ಪ್ರಥಮ ಭಾಷಣವನ್ನು ಬೇರೆ ಯಾವ ವಿಷಯಕ್ಕೂ ಮೀಸಲಿಡದೆ, ಪುಸ್ತಕದ ಚೀಲವನ್ನು ಹೊತ್ತು ಬೆನ್ನು ಬಾಗಿದ ಮಕ್ಕಳಿಗಾಗಿ ಮೀಸಲಿಟ್ಟರು. ಮುಂದೆ ವಿಜ್ಞಾನಿಗಳಾದ ಯಶಪಾಲರ ಅಧ್ಯಕ್ಷತೆಯಲ್ಲಿ ಕೇಂದ್ರ ಸರಕಾರವು ನೇಮಿಸಿದ ಸಮಿತಿಯು ೧೯೯೩ರಲ್ಲಿ ವರದಿಯನ್ನೊಪ್ಪಿಸಿತು. ಬೆನ್ನ ಮೇಲಿನ ಭಾರಕ್ಕಿಂತಲೂ ಅರ್ಥವಾಗದೆ ಕಲಿಯುವ ಭಾರವೇ ಹೆಚ್ಚು ಕೇಡಿನದೆಂಬುದು ಆ ಸಮಿತಿಯ ಮುಖ್ಯವಾದ ಮಾತು. ೨೦೧೯ರಲ್ಲಿ ಕರ್ನಾಟಕ ಸರಕಾರವು ಒಂದು ಮತ್ತು ಎರಡನೆಯ ತರಗತಿಯ ಮಕ್ಕಳ ಚೀಲವು ಎರಡು ಕಿಲೋಗ್ರಾಮನ್ನು ಮೀರಕೂಡದೆಂದು ಆಜ್ಞೆ ಮಾಡಿತು. ೨೦೨೦ರ ಕೇಂದ್ರದ ಚೀಲದ ನೀತಿಯು, ಚೀಲದ ತೂಕವು ಮಗುವಿನ ತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದೆಂದೂ, ಎರಡನೆಯ ತರಗತಿಯವರೆಗೆ ಮನೆಪಾಠವೇ ಕೂಡದೆಂದೂ, ಮೂರರಿಂದ ಐದರವರೆಗೆ ವಾರಕ್ಕೆ ಎರಡು ಗಂಟೆಯನ್ನು ಮೀರದಿರಲೆಂದೂ ಹೇಳಿರುವುದು. ೨೦೦೯ರ ಶಿಕ್ಷಣದ ಹಕ್ಕಿನ ಕಾನೂನು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿರುವುದು. ಶಾಲೆಗೆ ಸೇರಿಸಿಕೊಳ್ಳುವಾಗ ಕೂಸನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷೆಗೆ ಗುರಿಪಡಿಸಕೂಡದೆಂದಿರುವುದು. ಕಾನೂನಿನಲ್ಲಿ ಕೊರತೆಯಿಲ್ಲ. ಎರಡನೆಯ ತರಗತಿಗೆ ಮನೆಪಾಠ ಕೊಡದ ಶಾಲೆಯನ್ನು ಕಂಡು, “ಇಲ್ಲಿ ಏನೂ ಕಲಿಸುವುದಿಲ್ಲ” ಎಂದು ಮಗನನ್ನು ಬಿಡಿಸಿ ಬೇರೆಡೆಗೆ ಹಾಕುವವರು ಯಾರು? ಈ ಪ್ರಶ್ನೆಗೆ ಉತ್ತರವು ಸರಕಾರದ ಕಡೆಗೆ ಕೈತೋರಿಸಿದರೆ ದೊರೆಯುವುದಿಲ್ಲ.

ಇನ್ನು ಮನೆಯ ಮಾತು. ಭಾನುವಾರದ ಸಂಜೆಗೋ ಸೋಮವಾರದ ಬೆಳಗಿಗೋ, “ಯವ್ವಾ, ಹೊಟ್ಟಿ ನೋಯಾಕ ಹತ್ತೇತಿ” ಎನ್ನುವ ಕೂಸುಗಳು ಮನೆಮನೆಯಲ್ಲಿಯೂ ಇರುವುವು. ಶಾಲೆಯ ಬಸ್ಸು ಹೊರಟುಹೋದ ಮೇಲೆ ನೋವು ನಿಂತುಹೋಗುವುದು. ಅದನ್ನು ಕಂಡವರು ಕಳ್ಳನೋವೆಂದು ನಿಶ್ಚಯಿಸಿ, ಮರುದಿನ ಎಳೆದೊಯ್ದು ಬಿಡುವರು. ಇದು ಅನರ್ಥಕ್ಕೆ ಮೂಲವು. ಅಂಜಿದ ಮಗುವಿನ ಹೊಟ್ಟೆಯು ನಿಜವಾಗಿಯೇ ನೋಯುವುದು. ಮನಸ್ಸಿನ ಕಳವಳವು ಕರುಳಿನಲ್ಲಿ ಕಾಣಿಸಿಕೊಳ್ಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಮೊದಲು ವೈದ್ಯರಿಗೆ ತೋರಿಸಿ, ದೇಹದಲ್ಲಿ ಬೇನೆಯಿಲ್ಲವೆಂದು ತಿಳಿದ ಮೇಲೆ ಕಾರಣವನ್ನು ಹುಡುಕತಕ್ಕದ್ದು. ಆದರೆ ಎದುರಿಗೆ ನಿಲ್ಲಿಸಿಕೊಂಡು, “ಏನಾಯಿತು ಹೇಳು” ಎಂದು ಪೊಲೀಸರಂತೆ ಕೇಳಿದರೆ ಯಾವ ಕೂಸೂ ಹೇಳುವುದಿಲ್ಲ. ಅಜ್ಜಿಯು ಅಕ್ಕಿ ಆರಿಸುತ್ತ ಕುಳಿತಾಗ, ಪಕ್ಕದಲ್ಲಿ ಕಲ್ಲು ಹೆಕ್ಕುವ ಮೊಮ್ಮಗಳ ಬಾಯಿಂದ ಮಾತು ತಾನಾಗಿ ಹೊರಡುವುದು. ಹೊರಟ ಮಾತು ಎಷ್ಟೋ ಸಲ ಪಾಠಕ್ಕೆ ಸಂಬಂಧಪಟ್ಟುದೇ ಆಗಿರುವುದಿಲ್ಲ. ಬಸ್ಸಿನಲ್ಲಿ ದೊಡ್ಡ ಹುಡುಗನೊಬ್ಬನು ಬುತ್ತಿಯನ್ನು ಕಸಿದುಕೊಳ್ಳುತ್ತಿರಬಹುದು. ಶಾಲೆಯ ಪಾಯಖಾನೆಯು ಹೊಲಸಾಗಿರುವುದರಿಂದ ಹುಡುಗಿಯು ದಿನವಿಡೀ ನೀರು ಕುಡಿಯದೆ, ಮೂತ್ರವನ್ನು ತಡೆದುಕೊಂಡು ಕುಳಿತಿರಬಹುದು. ಹಾಗೆ ಕುಳಿತ ಮಗುವಿಗೆ ಕಾಗುಣಿತದ ಮೇಲೆ ಲಕ್ಷ್ಯವೆಲ್ಲಿಂದ ಬರಬೇಕು?

ಕಣ್ಣು ಕಿವಿಗಳ ಮಾತೂ ಇಲ್ಲಿಯೇ ಬರುವುದು. ಹಿಂದಿನ ಸಾಲಿನಲ್ಲಿ ಕುಳಿತ ಹುಡುಗನಿಗೆ ಹಲಗೆಯ ಮೇಲಿನ ಅಕ್ಷರವು ಮಂಜಾಗಿ ಕಂಡರೆ, ಎಲ್ಲರಿಗೂ ಹಾಗೆಯೇ ಕಾಣುವುದೆಂದು ಅವನು ತಿಳಿಯುವನು, ಬಾಯಿಬಿಟ್ಟು ಹೇಳುವುದಿಲ್ಲ. ಕಿವಿ ಸೋರುವ ಕೂಸಿಗೆ ಅರ್ಧ ಮಾತು ಕೇಳಿಸುವುದು, ಅರ್ಧ ಕೇಳಿಸುವುದಿಲ್ಲ. ಕೇಳಿಸದ ಅರ್ಧಕ್ಕಾಗಿ ಅದು ಬೈಸಿಕೊಳ್ಳುವುದು. ಹೊಟ್ಟೆಯಲ್ಲಿ ಜಂತುಗಳಿದ್ದರೆ, ರಕ್ತದಲ್ಲಿ ಕಬ್ಬಿಣದ ಅಂಶವು ಕುಂದಿದ್ದರೆ ಕೂಸು ಕುಳಿತಲ್ಲಿಯೇ ಸೋಲುವುದು. ತಾಯತ ಕಟ್ಟುವುದಕ್ಕೆ ಮೊದಲು ಕಣ್ಣು, ಕಿವಿ, ರಕ್ತ ಈ ಮೂರನ್ನು ಪರೀಕ್ಷೆ ಮಾಡಿಸಿರಿ. ತಾಯತವನ್ನು ಆಮೇಲೆ ಕಟ್ಟಿದರೂ ಸ್ವಾಮಿಗಳು ಬೇಡವೆನ್ನುವುದಿಲ್ಲ.

ನಿದ್ದೆಯ ವಿಷಯದಲ್ಲಿ ಜನರ ಉದಾಸೀನವು ಬಹಳ. ಮೂರರಿಂದ ಐದು ವರ್ಷದ ಕೂಸಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ ಹತ್ತರಿಂದ ಹದಿಮೂರು ಗಂಟೆ, ಆರರಿಂದ ಹನ್ನೆರಡು ವರ್ಷದವರಿಗೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆಯು ಬೇಕೆಂದು ನಿದ್ರಾಶಾಸ್ತ್ರದ ತಜ್ಞರು ೨೦೧೬ರಲ್ಲಿ ನಿರ್ಣಯಿಸಿರುವರು. ಬೆಳಗಿನಲ್ಲಿ ಆರಕ್ಕೆ ಏಳಬೇಕಾದ ಏಳು ವರ್ಷದವನು ರಾತ್ರಿ ಒಂಬತ್ತಕ್ಕಾದರೂ ಮಲಗಿರಬೇಕೆಂದು ಇದರ ಅರ್ಥ. ಮನೆಯವರೆಲ್ಲರೂ ಹನ್ನೊಂದರವರೆಗೆ ಟಿವಿಯ ಮುಂದೆ ಕುಳಿತಿರುವಾಗ ಅವನು ಮಲಗುವುದು ಹೇಗೆ? ದೊಡ್ಡವರಲ್ಲಿ ನಿದ್ದೆಗೇಡು ತೂಕಡಿಕೆಯಾಗಿ ತೋರಿದರೆ, ಮಕ್ಕಳಲ್ಲಿ ಅನೇಕ ವೇಳೆ ಚಡಪಡಿಕೆಯಾಗಿ, ಹಟವಾಗಿ ತೋರುವುದು. ಅದನ್ನು ನೋಡಿದವರು ತುಂಟತನವೆಂದು ಹೊಡೆಯುವರು.

ಸಂಜೆಯ ಕ್ರಮವು ಹೀಗಿದ್ದರೆ ಒಳ್ಳೆಯದು. ಶಾಲೆಯಿಂದ ಬಂದ ಕೂಸಿಗೆ ಮೊದಲು ತಿನ್ನಲು ಏನಾದರೂ ಕೊಡಿರಿ, ರೊಟ್ಟಿ-ಬೆಲ್ಲವಾದರೂ ಸಾಕು. ಆಮೇಲೆ ಹೊರಗೆ ಬಿಡಿರಿ. ಕುಂಟೆಬಿಲ್ಲೆ, ಬುಗುರಿ, ಓಡಾಟ, ಮಣ್ಣು, ಯಾವುದಾದರೂ ಆಗಲಿ, ಮೈ ದಣಿಯಬೇಕು. ಆಟವು ಕಾಲಹರಣವೆಂಬ ತಿಳಿವಳಿಕೆಯು ತಪ್ಪು. ಕುಂಟೆಬಿಲ್ಲೆಯಾಡುವ ಹುಡುಗಿಯು ಗೆರೆಯನ್ನು ತುಳಿಯದಂತೆ ಒಂಟಿಕಾಲಿನಲ್ಲಿ ನಿಂತು ಬಿಲ್ಲೆಯನ್ನು ನೋಡುವಾಗ ಅವಳ ಲಕ್ಷ್ಯವನ್ನು ಯಾವ ಮಾಸ್ತರರೂ ಬೆತ್ತದಿಂದ ಹುಟ್ಟಿಸಲಾರರು. ದೀಪ ಹಚ್ಚಿದ ಮೇಲೆ ಪುಸ್ತಕ. ಪ್ರತಿದಿನವೂ ಅದೇ ಜಾಗ, ಅದೇ ಹೊತ್ತು. ಜಾಗವೂ ಹೊತ್ತೂ ನಿಶ್ಚಿತವಾಗಿದ್ದರೆ ಮನಸ್ಸು ಮರಳಿ ಬರುವುದಕ್ಕೆ ಅರ್ಧ ದಾರಿಯು ಸವೆದಂತಾಗುವುದು. ಪೂಜೆಗೆ ಗದ್ದುಗೆಯನ್ನು ದಿನಕ್ಕೊಂದು ಮೂಲೆಗೆ ಒಯ್ಯುವುದಿಲ್ಲವಷ್ಟೆ.

ಆರೇಳು ವರ್ಷದವನನ್ನು ಒಂದೇ ಪಟ್ಟಿಗೆ ಒಂದು ತಾಸು ಕುಳ್ಳಿರಿಸುವುದು ವ್ಯರ್ಥವು. ಹತ್ತು ಹದಿನೈದು ನಿಮಿಷ ಕುಳಿತು, ಎದ್ದು ನೀರು ಕುಡಿದು, ತುಳಸಿಯ ಕಟ್ಟೆಯನ್ನೋ ಆಕಳ ಕರುವನ್ನೋ ಸುತ್ತಿಕೊಂಡು ಬಂದು ಮತ್ತೆ ಹತ್ತು ನಿಮಿಷ. ಹದಿನಾರರ ಮಗ್ಗಿಯನ್ನು ಒಂದೇ ರಾತ್ರಿಗೆ ಕಲಿಸದೆ, ಸಂಥೆಯಂತೆ ಮೂರು ಸಾಲು ಇಂದು, ಇಂದಿನ ಮೂರು ಸೇರಿಸಿ ಆರು ಸಾಲು ನಾಳೆ. “ಕೈಕಾಲು ತೊಳೆದುಕೋ, ಚೀಲ ತೆಗೆ, ಇಂಗ್ಲಿಷ್ ಪುಸ್ತಕ ತಾ, ಪೆನ್ಸಿಲ್ ಚೂಪು ಮಾಡು” ಎಂದು ನಾಲ್ಕು ಆಜ್ಞೆಗಳನ್ನು ಒಂದೇ ಉಸಿರಿನಲ್ಲಿ ಕೊಟ್ಟರೆ ಅವನಲ್ಲಿ ಉಳಿಯುವುದು ಒಂದೋ ಎರಡೋ. ಉಳಿದವುಗಳನ್ನು ಮರೆತುದು ಅವಿಧೇಯತೆಯಲ್ಲ; ಎಳೆಯ ನೆನಪಿನ ಬಟ್ಟಲು ಚಿಕ್ಕದು. ಒಂದು ಆಜ್ಞೆ, ಅದು ಮುಗಿದ ಮೇಲೆ ಮತ್ತೊಂದು.

ಓದುತ್ತಿದ್ದವನು ಮಧ್ಯದಲ್ಲಿಯೇ ಎದ್ದು ಹಲ್ಲಿಯನ್ನು ನೋಡಲು ಹೋದನೆಂದು ಇಟ್ಟುಕೊಳ್ಳಿರಿ. “ನಿನಗೆ ಬುದ್ಧಿಯೇ ಇಲ್ಲ” ಎಂದು ಕೂಗಿದರೆ ಅವನು ಮರಳಿ ಬಂದರೂ ಸಿಟ್ಟನ್ನೋ ಅಳುವನ್ನೋ ಕಟ್ಟಿಕೊಂಡು ಬರುವನು. ಹೆಗಲ ಮೇಲೆ ಕೈಯಿಟ್ಟು, “ಎಲ್ಲಿಗೆ ಬಂದಿದ್ದೆವು, ಈ ಸಾಲಿಗೆ ಅಲ್ಲವೇ?” ಎಂದು ಬೆರಳು ತೋರಿಸಿದರೆ ಸಾಕು. ಎಂದಾದರೊಂದು ದಿನ ಯಾರೂ ಕರೆಯದೆ ಅವನೇ ಬಂದು ಕುಳಿತರೆ, ಆಗ ಮೆಚ್ಚಿರಿ: “ಹೋಗಿದ್ದವನು ನೀನೇ ಬಂದು ಕುಳಿತೆಯಲ್ಲಾ, ಅಪ್ಪಾ!” ಈ ಮೆಚ್ಚಿಕೆಯು “ಜಾಣ” ಎಂಬ ಬಿರುದಿಗಿಂತ ಹೆಚ್ಚಿನದು. ಜಾಣನೆನಿಸಿಕೊಂಡವನು ಮುಂದೆ ಕಠಿಣವಾದ ಲೆಕ್ಕವು ಬಂದಾಗ ಬಿರುದು ಹೋದೀತೆಂದು ಅಂಜುವನು. ಮರಳಿ ಬಂದುದಕ್ಕಾಗಿ ಮೆಚ್ಚಿಸಿಕೊಂಡವನು ಮತ್ತೊಮ್ಮೆ ಮರಳಿ ಬರುವನು.

ಮೊಬೈಲಿನ ಮಾತನ್ನು ಎಲ್ಲರೂ ಆಡುವರು. ಎರಡರಿಂದ ನಾಲ್ಕು ವರ್ಷದ ಕೂಸು ಪರದೆಯ ಮುಂದೆ ಕುಳಿತಿರುವ ಕಾಲವು ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಮೆಯಾದಷ್ಟೂ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಹೇಳಿರುವುದು. ಆದರೆ ಅಳುವ ಕೂಸಿನ ಕೈಗೆ ಅದನ್ನು ಮೊದಲು ಕೊಟ್ಟವರು ಯಾರು? ತಂದೆಯು ಒಂದು ಕೈಯಲ್ಲಿ ಮೊಬೈಲನ್ನು ಹಿಡಿದು ಮತ್ತೊಂದು ಕೈಯಿಂದ ಮಗನಿಗೆ ಪುಸ್ತಕವನ್ನು ತೋರಿಸಿದರೆ ಮಗನು ಮೊದಲನೆಯ ಕೈಯಿಂದಲೇ ಕಲಿಯುವನು. ಓದಿನ ಹೊತ್ತಿನಲ್ಲಿ ಮನೆಯ ಎಲ್ಲರ ಮೊಬೈಲುಗಳೂ ದೀಪದ ಮಾಡದ ಪಕ್ಕದ ಗೂಡಿನಲ್ಲಿ ಇರಲಿ. ಅರ್ಧ ತಾಸು ಲೋಕವು ಕಾಯುವುದು. ಓದುಬರಹವಿಲ್ಲದ ತಾಯಿಯೂ ಈ ಅರ್ಧ ತಾಸಿನಲ್ಲಿ ಬೇಕಾದವಳೇ. ಅವಳು ಪಾಠ ಹೇಳಬೇಕಾಗಿಲ್ಲ; ಪಕ್ಕದಲ್ಲಿ ಕುಳಿತು, “ಇದರಾಗ ಏನ್ ಬರದೈತಿ, ನನಗೂ ಹೇಳು” ಎಂದು ಕೇಳಿದರಾಯಿತು. ಹೇಳುವ ಕೂಸು ಗುರುವಾಗುವುದು. ಬಳ್ಳಾರಿಯ ಹಳೆಯ ಶಾಲೆಗಳಲ್ಲಿ ಕ್ಯಾಂಬೆಲ್ಲನು ಮೆಚ್ಚಿದ ಪದ್ಧತಿಯು ಖರ್ಚಿಲ್ಲದೆ ಮನೆಯಲ್ಲಿಯೇ ನಡೆಯುವುದು.

ಅಜ್ಜನು ಪೂಜೆಗೆ ಕುಳಿತಾಗ ಮೊಮ್ಮಗನು ಪಕ್ಕದಲ್ಲಿ ಎರಡು ನಿಮಿಷ ಸುಮ್ಮನೆ ಕುಳಿತರೆ ಅದೂ ಒಳ್ಳೆಯ ಅಭ್ಯಾಸವೇ. ಆದರೆ ಒಂದು ಎಚ್ಚರವು ಬೇಕು. ಲಿಂಗಪೂಜೆಯನ್ನು ಅಂಕಗಳನ್ನು ಹೆಚ್ಚಿಸುವ ಉಪಾಯವನ್ನಾಗಿ ಮಾಡಕೂಡದು. ತಪ್ಪು ಮಾಡಿದುದಕ್ಕೆ ಶಿಕ್ಷೆಯಾಗಿ ಪೂಜೆಗೆ ಕುಳ್ಳಿರಿಸುವುದಂತೂ ಸರ್ವಥಾ ಕೂಡದು. ಹಾಗೆ ಮಾಡಿದರೆ ಕೂಸಿಗೆ ಶಾಲೆಯೂ ಬೇಡವಾಗುವುದು, ಶಿವನೂ ಬೇಡವಾಗುವನು.

ಅಂಕಪಟ್ಟಿಯು ಮನೆಗೆ ಬಂದ ದಿನ ಅದನ್ನು ಊಟದ ಹೊತ್ತಿನಲ್ಲಿ ತೆಗೆಯಬೇಡಿರಿ. ನೆಂಟರ ಮುಂದೆ ಓದಬೇಡಿರಿ. ಅಣ್ಣನ ಪಟ್ಟಿಯ ಪಕ್ಕದಲ್ಲಿ ಇಡಬೇಡಿರಿ. ತಪ್ಪಾದ ಲೆಕ್ಕಗಳಲ್ಲಿ ಒಂದನ್ನು ಆರಿಸಿಕೊಂಡು, ಅದು ಎಲ್ಲಿ ತಪ್ಪಿತೆಂದು ಕೂಸಿನ ಜೊತೆಗೆ ಕುಳಿತು ನೋಡಿದರೆ ಆ ದಿನಕ್ಕೆ ಸಾಕು. ಅಂಕವನ್ನು ಮುಚ್ಚಿಟ್ಟ ಕೂಸನ್ನು ಸುಳ್ಳುಗಾರನೆಂದು ದಂಡಿಸುವವರು, ಸತ್ಯವನ್ನು ಹೇಳಿದ್ದರೆ ಅದಕ್ಕೆ ಏನು ದೊರೆಯುತ್ತಿತ್ತೆಂಬುದನ್ನು ಮೊದಲು ಯೋಚಿಸತಕ್ಕದ್ದು.

ಶಿಕ್ಷಕರೊಡನೆ ಜಗಳಕ್ಕೆ ಹೋಗುವುದರಿಂದ ಫಲವಿಲ್ಲ. ಐವತ್ತು ಮಕ್ಕಳ ನಡುವೆ ನಿಂತವರ ಕಷ್ಟವೂ ಸಣ್ಣದಲ್ಲ. ಶಾಲೆ ಬಿಟ್ಟ ಮೇಲೆ ಹೋಗಿ, “ಬಾಯೀರ, ಇವಳು ಮನೆಯಲ್ಲಿ ಹೀಗಿರುವಳು, ಇಲ್ಲಿ ಹೇಗಿರುವಳು?” ಎಂದು ಕೇಳಿದರೆ ಎಷ್ಟೋ ಸಂಗತಿಗಳು ತಿಳಿಯುವುವು. ಮುಂದಿನ ಸಾಲಿನಲ್ಲಿ ಕುಳ್ಳಿರಿಸುವುದು, ಕಿಟಕಿಯಿಂದ ದೂರವಿಡುವುದು, ನಡುನಡುವೆ ಸೀಮೆಸುಣ್ಣ ತರಲು ಕಳುಹಿಸಿ ಕಾಲಾಡಿಸಲು ಅವಕಾಶ ಕೊಡುವುದು, ಇಂಥ ಸಣ್ಣ ಉಪಕಾರಗಳನ್ನು ಕೇಳಿಕೊಂಡರೆ ಒಳ್ಳೆಯ ಶಿಕ್ಷಕರು ಇಲ್ಲವೆನ್ನುವುದಿಲ್ಲ. ಹೊಡೆಯುವ, ಹಂಗಿಸುವ ಶಾಲೆಯಾದರೆ ಮಾತು ಬೇರೆ. ಅಲ್ಲಿ ಕಾನೂನು ಪೋಷಕರ ಕಡೆಗಿರುವುದು. ಶಾಲೆಯ ಹೆಸರು ಎಷ್ಟೇ ದೊಡ್ಡದಾಗಿದ್ದರೂ ಅಲ್ಲಿಂದ ಕೂಸನ್ನು ಬಿಡಿಸುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಇಷ್ಟೆಲ್ಲವನ್ನೂ ಮಾಡಿಯೂ ಕೆಲವು ಮಕ್ಕಳಲ್ಲಿ ಭೇದವು ಕಾಣಿಸದೆ ಇರಬಹುದು. ಮನೆಯಲ್ಲಿಯೂ ಶಾಲೆಯಲ್ಲಿಯೂ, ಆರು ತಿಂಗಳಿಗೂ ಮಿಕ್ಕಿ, ಓರಗೆಯ ಮಕ್ಕಳಿಗಿಂತ ಬಹಳ ಹೆಚ್ಚಾಗಿ ಚಿತ್ತವು ಹರಿದಾಡುತ್ತಿದ್ದರೆ, ಕುಳಿತಲ್ಲಿ ಕುಳ್ಳಿರಲಾರದೆ ಇದ್ದರೆ, ಅದೊಂದು ವೈದ್ಯರು ಗುರುತಿಸಬಲ್ಲ ಸ್ಥಿತಿಯು. ಬೇರೆಲ್ಲದರಲ್ಲಿ ಚುರುಕಾಗಿದ್ದು ಓದುವುದರಲ್ಲಿ ಮಾತ್ರ ತೊಡರುವ, ಎಂಟು ವರ್ಷ ಮೀರಿದರೂ ಅಕ್ಷರಗಳನ್ನು ತಿರುಗಮುರುಗ ಬರೆಯುವ ಮಕ್ಕಳೂ ಉಂಟು. ಇವು ತಾಯಿಯ ಸಾಕಣೆಯ ದೋಷದಿಂದ ಬಂದುವಲ್ಲ, ಪೂರ್ವಜನ್ಮದ ಪಾಪದಿಂದಲೂ ಬಂದುವಲ್ಲ. ಮನೆಯವರು ಸೊಸೆಯನ್ನು ದೂರುವುದು ಅನ್ಯಾಯವು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ, ಧಾರವಾಡದ ಡಿಮ್ಹಾನ್ಸಿನಲ್ಲಿ ಇದಕ್ಕೆ ತಜ್ಞರಿರುವರು. ಮಾತು ಮತ್ತು ಕಿವಿಗೆ ಸಂಬಂಧಪಟ್ಟ ತೊಡಕುಗಳಿಗೆ ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇರುವುದು. ಕಲಿಕೆಯ ವಿಶಿಷ್ಟ ನ್ಯೂನತೆಯನ್ನು ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿರುವುದು. ಅದಕ್ಕೆ ತಕ್ಕ ಪ್ರಮಾಣಪತ್ರವುಳ್ಳ ವಿದ್ಯಾರ್ಥಿಗಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೂ ಇತರ ಸವಲತ್ತುಗಳೂ ದೊರೆಯುವುವು. ಅನೇಕರು ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ತಿಂಗಳಿರುವಾಗ ಈ ಪತ್ರಕ್ಕಾಗಿ ಓಡಾಡುವರು. ಅಷ್ಟು ಹೊತ್ತಿಗೆ ಹುಡುಗನು ಹತ್ತು ವರ್ಷ ದಡ್ಡನೆನಿಸಿಕೊಂಡು ಕಳೆದಿರುವನು. ಎರಡನೆಯ ಮೂರನೆಯ ತರಗತಿಯಲ್ಲಿಯೇ ಸಂಶಯವು ಬಂದರೆ ಆಗಲೇ ಕರೆದೊಯ್ಯಿರಿ. ದಾರಿಯು ತಿಳಿಯದವರು ಮಠದ ಕಚೇರಿಯಲ್ಲಿ ಕೇಳಿದರೆ ಅಲ್ಲಿರುವವರು ಬರೆದು ಕೊಡುವರು.